ಅಂಗನವಾಡಿ ಆಹಾರ: ನಿಗದಿತ ದರವೂ ಮಾರುಕಟ್ಟೆ ದರವೂ

2022-23ನೇ ಸಾಲಿನ ಲೆಕ್ಕಪತ್ರಗಳ ಪರಿಶೀಲನೆಯ ಸಂದರ್ಭದಲ್ಲಿ, ತಾಲ್ಲೂಕು ಕೇಂದ್ರವೊಂದರ ದಿನಸಿ ಹಾಗೂ ಮೊಟ್ಟೆ ವ್ಯಾಪಾರಿಯೊಬ್ಬರ ಬಾಕಿದಾರರ ಪಟ್ಟಿ ನನ್ನ ಗಮನ ಸೆಳೆಯಿತು. ಹನ್ನೊಂದು ಮಹಿಳೆಯರ ಹೆಸರುಗಳು. ಪ್ರತಿಯೊಂದರ ಮುಂದೆಯೂ 'ಟೀಚರ್' ಎಂಬ ಪದ. ಒಟ್ಟು ಬಾಕಿ ಐವತ್ತು ಸಾವಿರ ರೂಪಾಯಿ ಮೀರಿತ್ತು, ಬಹುಪಾಲು ಮೊಟ್ಟೆಯದೇ. ಒಂದೊಂದು ಮನೆಗೆ ಇಷ್ಟು ಮೊಟ್ಟೆ ಏತಕ್ಕೆ ಎಂದು ವಿಚಾರಿಸಿದೆ. "ಅವರ ಮನೆಗಲ್ಲ ಸಾರ್, ಗರ್ಭಿಣಿಯರಿಗೆ, ಬಾಣಂತಿಯರಿಗೆ. ಸರ್ಕಾರದಿಂದ ಖಾತೆಗೆ ಹಣ ಬಂದಾಗ ಕೊಡ್ತಾರೆ" ಎಂಬ ಉತ್ತರ ದೊರೆಯಿತು.

ಸರ್ಕಾರದ ಯೋಜನೆಯೊಂದರ ಬಾಕಿ, ಗೌರವಧನದಲ್ಲಿ ದುಡಿಯುವ ಕಾರ್ಯಕರ್ತೆಯ ವೈಯಕ್ತಿಕ ಸಾಲವಾಗಿ ಖಾತೆ ಪುಸ್ತಕದಲ್ಲಿ ಕುಳಿತಿತ್ತು. ಇದು ಹೇಗಾಯಿತು ಎಂಬುದನ್ನು ವಾಣಿಜ್ಯ ಬಂಧುಗಳು ತಿಳಿಯುವುದು ಅಗತ್ಯವೆಂದು ಭಾವಿಸಿ ಈ ಲೇಖನ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಅದು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಆರು ತಿಂಗಳಿನಿಂದ ಆರು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿ-ಬಾಣಂತಿಯರಿಗೂ ವರ್ಷಕ್ಕೆ 300 ದಿನ ಪೂರಕ ಆಹಾರ ನೀಡುವುದು ಇದರ ಮುಖ್ಯ ಅಂಗ. ಈ ಆಹಾರದ ವೆಚ್ಚವನ್ನು ದೀರ್ಘಕಾಲ ರಾಜ್ಯಗಳೇ ಭರಿಸುತ್ತಿದ್ದವು. 2005-06ರಿಂದ ಕೇಂದ್ರವು ಅರ್ಧದಷ್ಟು ಭರಿಸತೊಡಗಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಇದನ್ನು ಕಾನೂನುಬದ್ಧ ಹಕ್ಕನ್ನಾಗಿ ಮಾಡಿತು. ಗರ್ಭಿಣಿಗೆ ದಿನಕ್ಕೆ 600 ಕಿಲೋ ಕ್ಯಾಲೊರಿ ಹಾಗೂ 18ರಿಂದ 20 ಗ್ರಾಂ ಪ್ರೋಟೀನ್ ಎಂದು ಅದರ ಎರಡನೇ ಅನುಸೂಚಿ ನಮೂದಿಸಿತು. 2023ರ ಜನವರಿಯಲ್ಲಿ ಆ ಅನುಸೂಚಿಯನ್ನು ಪರಿಷ್ಕರಿಸಿ ಸೂಕ್ಷ್ಮ ಪೋಷಕಾಂಶಗಳನ್ನೂ ಸೇರಿಸಲಾಯಿತು.

ಲೆಕ್ಕಿಗನ ದೃಷ್ಟಿಗೆ ತೊಡಕು ಕಾಣುವುದು ಇಲ್ಲಿಯೇ. ಕಾಯ್ದೆಯು ಹೊಣೆಯನ್ನು ಗ್ರಾಂ ಲೆಕ್ಕದಲ್ಲಿ ಹೊರಿಸುತ್ತದೆ. ಆಯವ್ಯಯವು ಹಣವನ್ನು ರೂಪಾಯಿ ಲೆಕ್ಕದಲ್ಲಿ ಕೊಡುತ್ತದೆ. ಗ್ರಾಂ ಕರಗುವುದಿಲ್ಲ, ರೂಪಾಯಿ ಕರಗುತ್ತದೆ. ಕೇಂದ್ರವು ಅಂಗೀಕರಿಸಿದ ದೈನಿಕ ದರ 2009ರಲ್ಲಿ ಮಗುವಿಗೆ ರೂ. 4, ತಾಯಿಗೆ ರೂ. 5 ಇತ್ತು. 2012ರಲ್ಲಿ ಅವು ಕ್ರಮವಾಗಿ ರೂ. 6 ಮತ್ತು ರೂ. 7 ಆದವು. 2017ರಲ್ಲಿ ರೂ. 8 ಮತ್ತು ರೂ. 9.50 ಎಂದು ನಿಗದಿಯಾಯಿತು. ಯೋಜನೆಗೆ ಹೊಸ ಹೆಸರಿಟ್ಟು 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮತ್ತೆ ಅವೇ ಅಂಕಿಗಳು. ಬೆಲೆಗಳು ವರ್ಷಕ್ಕೆ ಶೇಕಡ 5ರಂತೆ ಏರಿದರೂ ಎಂಟು ವರ್ಷಗಳಲ್ಲಿ ರೂ. 8ರ ಕೊಳ್ಳುವ ಶಕ್ತಿ ರೂ. 5.41ಕ್ಕೆ ಇಳಿಯುತ್ತದೆ. ಖಾಸಗಿ ಗುತ್ತಿಗೆಯಲ್ಲಾದರೆ ಬೆಲೆ ಹೊಂದಾಣಿಕೆಯ ಷರತ್ತಿಲ್ಲದೆ ಇಷ್ಟು ದೀರ್ಘ ಅವಧಿಗೆ ನಮ್ಮಲ್ಲಿ ಯಾರೂ ಸಹಿ ಹಾಕಲಾರರು.

ರಾಜ್ಯ ಸರ್ಕಾರ ಕೈಕಟ್ಟಿ ಕುಳಿತಿತ್ತೆಂದು ಹೇಳಿದರೆ ಅನ್ಯಾಯವಾದೀತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಆರಂಭವಾಯಿತು. 15 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿಲಿಲೀಟರ್ ಹಾಲು ತಯಾರಿಸಿ ಮಕ್ಕಳಿಗೆ ನೀಡುವ ಈ ಕಾರ್ಯಕ್ರಮವು ಹೆಚ್ಚುವರಿ ಹಾಲಿನ ಸಮಸ್ಯೆಯಲ್ಲಿದ್ದ ಸಹಕಾರಿ ಹಾಲು ಮಹಾಮಂಡಳಿಗೂ ಖಚಿತ ಗ್ರಾಹಕನನ್ನು ಒದಗಿಸಿತು. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಜಾರಿಗೆ ಬಂದಿತು: ತಿಂಗಳಿಗೆ 25 ದಿನ ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಅನ್ನ, ಸಾಂಬಾರು, ಪಲ್ಯ, 200 ಮಿಲಿಲೀಟರ್ ಹಾಲು, ಕಡಲೆಕಾಯಿ ಚಿಕ್ಕಿ ಮತ್ತು ಒಂದು ಮೊಟ್ಟೆ. ಆಗ ನಿಗದಿಯಾದ ವೆಚ್ಚ ಊಟಕ್ಕೆ ರೂ. 21. ಕೇಂದ್ರದ ದರ ರೂ. 9.50, ಅದರಲ್ಲಿ ಕೇಂದ್ರದ ಪಾಲು ಅರ್ಧ, ಅಂದರೆ ರೂ. 4.75. ಉಳಿದ ರೂ. 16.25 ರಾಜ್ಯದ ಬೊಕ್ಕಸದ್ದು.

ಬಾಣಂತಿಯು ದಿನವೂ ಊಟಕ್ಕಾಗಿ ಮನೆಯಿಂದ ಹೊರಬರಬೇಕೆಂಬ ನಿಯಮವನ್ನು ರೂಪಿಸಿದವರು ನಮ್ಮ ಬಾಣಂತನದ ಪದ್ಧತಿಯನ್ನು ಮರೆತಂತೆ ಕಾಣುತ್ತದೆ. ಮೊದಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಆಕೆಯ ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿರುತ್ತದೆ, ಹಸಿವು ತವರೂರಿನಲ್ಲಿರುತ್ತದೆ.

ಇನ್ನು ಸರಬರಾಜಿನ ವಿಚಾರ. ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರನ್ನು ಬಳಸಬಾರದು, ಗ್ರಾಮ ಸಮುದಾಯ, ಸ್ವಸಹಾಯ ಸಂಘ ಹಾಗೂ ಮಹಿಳಾ ಮಂಡಲಗಳಿಗೆ ಆದ್ಯತೆ ನೀಡಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2004ರ ಅಕ್ಟೋಬರ್ 7ರಂದು ಆದೇಶಿಸಿತು. ಅದರ ಆಶಯ ನಿರ್ವಿವಾದ. ನಮ್ಮ ರಾಜ್ಯದಲ್ಲಿ ಆಹಾರ ಸಾಮಗ್ರಿಗಳನ್ನು ಮಹಿಳಾ ಪೂರಕ ಪೌಷ್ಟಿಕ ಆಹಾರ ಉತ್ಪಾದನಾ ಮತ್ತು ತರಬೇತಿ ಕೇಂದ್ರಗಳ ಮೂಲಕ ಪೂರೈಸುವ ವ್ಯವಸ್ಥೆ ಬೆಳೆಯಿತು. ಬೇಗ ಕೆಡುವ ಮೊಟ್ಟೆ-ತರಕಾರಿಗಳನ್ನು ಮಾತ್ರ ಬಾಲವಿಕಾಸ ಸಮಿತಿಗಳ ಮೂಲಕ ಊರಿನಲ್ಲೇ ಕೊಳ್ಳುವ ಪದ್ಧತಿ ಹಲವು ವರ್ಷ ನಡೆಯಿತು. ಮೇಲೆ ಹೇಳಿದ ವ್ಯಾಪಾರಿಯ ಖಾತೆಯೂ ಈ ಪದ್ಧತಿಯ ಫಲವೇ.

ಮೊಟ್ಟೆಯ ಸಗಟು ದರವನ್ನು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ಪ್ರತಿದಿನ 100 ಮೊಟ್ಟೆಗೆ ಇಷ್ಟೆಂದು ಸೂಚಿಸುತ್ತದೆ. ಬೆಂಗಳೂರು, ಮೈಸೂರು, ಹೊಸಪೇಟೆಗೆ ಬೇರೆ ಬೇರೆ. ಬೇಸಿಗೆಯಲ್ಲಿ ಹಾಗೂ ಶ್ರಾವಣದಲ್ಲಿ ದರ ಇಳಿಯುವುದೂ ಚಳಿಗಾಲದಲ್ಲಿ ಏರುವುದೂ ಈ ವ್ಯಾಪಾರದಲ್ಲಿರುವವರಿಗೆ ಹೊಸದಲ್ಲ. ಅದರ ಮೇಲೆ ಸಾಗಣೆ, ಟ್ರೇಯಲ್ಲಿ ಒಡೆದದ್ದು, ಚಿಲ್ಲರೆ ಲಾಭ. ಆದರೆ ಸಮಿತಿಯ ಖಾತೆಗೆ ಬರುವುದು ನಿಗದಿತ ದರ, ಅದೂ ತಡವಾಗಿ. ಹತ್ತು ಮಂದಿ ತಾಯಂದಿರಿರುವ ಕೇಂದ್ರವನ್ನು ಊಹಿಸಿಕೊಳ್ಳಿ: ತಿಂಗಳಿಗೆ 250 ಮೊಟ್ಟೆ. ಮೊಟ್ಟೆಗೆ ಒಂದು ರೂಪಾಯಿ ಕೊರತೆ ಬಿದ್ದರೆ ತಿಂಗಳಿಗೆ ರೂ. 250 ಯಾರದೋ ಕೈಯಿಂದ ಹೋಗಬೇಕು. ಹಣ ಮೂರು ತಿಂಗಳು ತಡವಾದರೆ, ರೂ. 6.50ರ ದರದಲ್ಲಿ ರೂ. 4,875 ಸಾಲ. ಹನ್ನೊಂದು ಕೇಂದ್ರಗಳಿಗೆ ರೂ. 53,625. ನಮ್ಮ ವ್ಯಾಪಾರಿ ತಾನು ಮೊಟ್ಟೆ ತರುವುದು ನಗದಿಗೆ.

ಈ ಸಾಲದ ಋಣಿ ಯಾರು? ಪುಸ್ತಕದಲ್ಲಿ ಇಲಾಖೆಯ ಹೆಸರಿಲ್ಲ, ಸಮಿತಿಯ ಹೆಸರೂ ಇಲ್ಲ. ಸಾಮಾನು ಪಡೆದು ಸಹಿ ಹಾಕಿದವರು ಕಾರ್ಯಕರ್ತೆ. ಅವರೇನು ಸರ್ಕಾರಿ ನೌಕರರೇ? ಅಂಗನವಾಡಿ ಕಾರ್ಯಕರ್ತೆಯರು ಸಿವಿಲ್ ಹುದ್ದೆ ಹೊಂದಿದವರಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ತೀರ್ಪಿತ್ತಿದೆ. ಅವರಿಗೆ ಉಪದಾನದ ಹಕ್ಕಿದೆಯೆಂದು ಅದೇ ನ್ಯಾಯಾಲಯ ಹೇಳಿದ್ದು 2022ರಲ್ಲಿ, ಗುಜರಾತಿನ ಪ್ರಕರಣದಲ್ಲಿ. ಹುದ್ದೆಯಿಲ್ಲದವರ ಹೆಸರಿನಲ್ಲಿ ಸರ್ಕಾರದ ಸಾಲ ನಿಂತಿದೆ.

ವ್ಯಾಪಾರಿಯ ಸ್ಥಿತಿಯೂ ಉತ್ತಮವಲ್ಲ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯನ್ವಯ 45 ದಿನ ಮೀರಿದ ಬಾಕಿಗೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಆದರೆ 2021ರ ಜುಲೈ 2ರಂದು ಸಗಟು ಹಾಗೂ ಚಿಲ್ಲರೆ ವ್ಯಾಪಾರಿಗಳನ್ನು ಈ ವರ್ಗಕ್ಕೆ ಸೇರಿಸಿಕೊಂಡಾಗ ಕೊಟ್ಟದ್ದು ಆದ್ಯತಾ ಸಾಲದ ಸೌಲಭ್ಯ ಮಾತ್ರ. ವಿಳಂಬ ಪಾವತಿಯ ರಕ್ಷಣೆ ಕೊಡಲಿಲ್ಲ. ಹಿಟ್ಟು ತಯಾರಿಸಿ ಮಾರುವ ಘಟಕವು ಬಡ್ಡಿ ಕೇಳಬಹುದು, ಮೊಟ್ಟೆ ತಂದು ಮಾರುವವನು ಕೇಳುವಂತಿಲ್ಲ.

(ತಯಾರಕರಿಗೂ ಕಿರಿಕಿರಿ ತಪ್ಪಿದ್ದಲ್ಲ. ಬಡವರಿಗೆ ಉಚಿತವಾಗಿ ಹಂಚುವ ಪೊಟ್ಟಣದ ಆಹಾರಕ್ಕೆ 2017ರ ಅಕ್ಟೋಬರ್‌ನಲ್ಲಿ ಶೇಕಡ 5ರ ಸರಕು-ಸೇವಾ ತೆರಿಗೆ ನಿಗದಿಯಾದಾಗ, ಉಪ ಕಾರ್ಯದರ್ಶಿಗಿಂತ ಕೆಳಗಿಲ್ಲದ ಅಧಿಕಾರಿಯ ಪ್ರಮಾಣಪತ್ರವನ್ನು ಐದು ತಿಂಗಳೊಳಗೆ ಹಾಜರುಪಡಿಸಬೇಕೆಂಬ ಷರತ್ತಿತ್ತು. ತಾಲ್ಲೂಕಿನ ಘಟಕವೊಂದು ವಿಧಾನಸೌಧದ ಮಹಡಿ ಹತ್ತುವುದನ್ನು ಕಲ್ಪಿಸಿಕೊಳ್ಳಬಹುದು.)

ವಾಣಿಜ್ಯ ಸಂಸ್ಥೆಗಳು ಪ್ರತಿವರ್ಷ ಸಲ್ಲಿಸುವ ಆಯವ್ಯಯ ಪೂರ್ವ ಮನವಿಗಳಲ್ಲಿ ತೆರಿಗೆ, ವಿದ್ಯುತ್ ದರ, ಕೈಗಾರಿಕಾ ನಿವೇಶನಗಳೇ ಪುಟ ತುಂಬುತ್ತವೆ. ಅದರಲ್ಲಿ ಒಂದು ಪುಟವನ್ನು ಇದಕ್ಕೆ ಮೀಸಲಿಡಬಹುದು. ಮೊಟ್ಟೆಯ ದರವನ್ನು ಸಮನ್ವಯ ಸಮಿತಿಯ ವಲಯ ದರದ ತಿಂಗಳ ಸರಾಸರಿಗೆ ಜೋಡಿಸಿ, ಅದರ ಮೇಲೆ ನಿಶ್ಚಿತ ಸಾಗಣೆ ವೆಚ್ಚ ಸೇರಿಸುವುದು ಕಷ್ಟದ ಲೆಕ್ಕವೇನಲ್ಲ. ಒಂದು ತ್ರೈಮಾಸಿಕದ ಹಣವನ್ನು ಮುಂಗಡವಾಗಿ ಸಮಿತಿಯ ಖಾತೆಯಲ್ಲಿ ಇರಿಸಿ, ಖರ್ಚಾದಷ್ಟನ್ನು ಮತ್ತೆ ತುಂಬುವ ಕ್ರಮವನ್ನು ನಮ್ಮ ಕಚೇರಿಗಳಲ್ಲಿ ಚಿಲ್ಲರೆ ಖರ್ಚಿನ ಪುಸ್ತಕಕ್ಕೆ ದಿನನಿತ್ಯ ಅನುಸರಿಸುತ್ತೇವೆ. ಬಿಲ್ಲು ಇಲಾಖೆಯ ಹೆಸರಿನಲ್ಲೇ ಆಗಬೇಕು. ಆಹಾರ ಪೂರೈಕೆ ತಪ್ಪಿದರೆ ಫಲಾನುಭವಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 2013ರ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಪೂರೈಕೆ ತಪ್ಪದಂತೆ ಸಾಲ ಕೊಟ್ಟವನ ಬಗ್ಗೆ ಯಾವ ಕಲಮೂ ಇಲ್ಲ.

ಆ ವರ್ಷ, ಆರು ತಿಂಗಳು ಮೀರಿದ 'ಟೀಚರ್' ಬಾಕಿಗಳನ್ನು ಸಂದೇಹಾಸ್ಪದ ಸಾಲವೆಂದು ತೋರಿಸಲು ವ್ಯಾಪಾರಿಗೆ ಸಲಹೆ ಮಾಡಿದೆ. ಅವರು ಒಪ್ಪಲಿಲ್ಲ. "ಇವರಲ್ಲಿ ಇಬ್ಬರು ಹೋದ ತಿಂಗಳು ತಮ್ಮ ಗೌರವಧನದಿಂದಲೇ ಐನೂರೈನೂರು ತಂದುಕೊಟ್ಟು ಹೋಗಿದ್ದಾರೆ ಸಾರ್. ಸಂದೇಹ ಅಂತ ಬರೆದರೆ ಯಾರ ಮೇಲೆ ಸಂದೇಹ ಪಟ್ಟ ಹಾಗಾಯ್ತು?" ಎಂದರು. ಬಾಕಿಗಳನ್ನು ವಸೂಲಾಗತಕ್ಕವು ಎಂಬ ಶೀರ್ಷಿಕೆಯಡಿಯಲ್ಲೇ ಉಳಿಸಿದೆವು.