ರಕ್ತದೊತ್ತಡವೂ ಮಧುಗಿರಿ ಸೀಮೆಯೂ

ಮಧುಗಿರಿ ಉಪವಿಭಾಗವೆಂದು ಸರಕಾರಿ ಕಾಗದಪತ್ರಗಳಲ್ಲಿ ಹೆಸರಾಗಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಂಬ ನಾಲ್ಕು ತಾಲ್ಲೂಕುಗಳ ಜನಕ್ಕೆ, ರೋಗವು ತನ್ನ ಗುರುತನ್ನು ಮೈಮೇಲೆ ತೋರಿಸಿಕೊಂಡೇ ಬರುವುದೆಂಬ ಅನುಭವ ಬಹುಕಾಲದ್ದು. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಮಿತಿಮೀರಿ ಬೆರೆತ ಫ್ಲೋರೈಡು ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಯಾಗಿಯೂ ಹಿರಿಯರ ಕೀಲುಗಳಲ್ಲಿ ಬಿಗಿತವಾಗಿಯೂ ಕಾಣಿಸಿಕೊಳ್ಳುತ್ತದೆ. ಕ್ಷಯವು ಕೆಮ್ಮಿನಿಂದಲೂ ಕುಷ್ಠವು ಚರ್ಮದ ಮಚ್ಚೆಯಿಂದಲೂ ತಮ್ಮ ಬರವನ್ನು ಸಾರುತ್ತವೆ. ಇಂತಹ ಯಾವ ಸೂಚನೆಯನ್ನೂ ಕೊಡದೆ, ಹೊಲದಲ್ಲಿ ಕಡಲೆಕಾಯಿ ಕೀಳುವವನ ಕೈಬಲವನ್ನಾಗಲಿ ಒಲೆಯ ಮುಂದೆ ಮುದ್ದೆ ತೊಳಸುವವಳ ಚೈತನ್ಯವನ್ನಾಗಲಿ ಕುಂದಿಸದೆ, ವರ್ಷಾನುಗಟ್ಟಲೆ ಶರೀರದೊಳಗೆ ನೆಲಸಿದ್ದು, ಒಂದು ದಿನ ಹಠಾತ್ತಾಗಿ ಪಕ್ಷಾಘಾತವಾಗಿಯೋ ಹೃದಯಾಘಾತವಾಗಿಯೋ ಹೊರಬೀಳುವ ವ್ಯಾಧಿಯೊಂದುಂಟು. ಅದನ್ನು ವೈದ್ಯಶಾಸ್ತ್ರವು ಅಧಿಕ ರಕ್ತದೊತ್ತಡವೆನ್ನುತ್ತದೆ, ಜನರು ಬಿ.ಪಿ. ಎನ್ನುತ್ತಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15 ವರ್ಷ ತುಂಬಿದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 21 ಮಂದಿಗೂ ಪುರುಷರಲ್ಲಿ ನೂರಕ್ಕೆ 24 ಮಂದಿಗೂ ರಕ್ತದೊತ್ತಡವು ಮಿತಿಮೀರಿದೆ, ಇಲ್ಲವೆ ಅವರು ಅದಕ್ಕಾಗಿ ಔಷಧಿ ಸೇವಿಸುತ್ತಿದ್ದಾರೆ.

ಹೃದಯವು ಸಂಕೋಚಗೊಂಡು ರಕ್ತವನ್ನು ನೂಕಿದಾಗ ಧಮನಿಗಳ ಗೋಡೆಯ ಮೇಲೆ ಬೀಳುವ ಒತ್ತಡವು ರಕ್ತದೊತ್ತಡದ ಎರಡು ಅಂಕೆಗಳಲ್ಲಿ ಮೇಲಿನದು. ಹೃದಯವು ವಿಶ್ರಮಿಸುವಾಗ ಉಳಿಯುವ ಒತ್ತಡವು ಕೆಳಗಿನದು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಇವು 140/90ನ್ನು ಮುಟ್ಟಿಯೋ ಮೀರಿಯೋ ಇದ್ದರೆ ಅದನ್ನು ರೋಗವೆಂದು ಪರಿಗಣಿಸುವುದು ನಮ್ಮಲ್ಲಿ ರೂಢಿಯಾಗಿದೆ. ತುಂಬಿದ ಕೆರೆಯ ಏರಿಯು ಒಂದೇ ದಿನದಲ್ಲಿ ಒಡೆಯದೆ, ದಿನದಿನದ ಒತ್ತಡಕ್ಕೆ ಒಳಗೊಳಗೇ ಸಡಿಲವಾಗುವಂತೆ, ಮಿದುಳು, ಹೃದಯ, ಮೂತ್ರಪಿಂಡ, ಕಣ್ಣುಗಳ ಸೂಕ್ಷ್ಮ ನಾಳಗಳು ಈ ಒತ್ತಡದಿಂದ ಕ್ರಮೇಣ ಶಿಥಿಲವಾಗುತ್ತವೆ. 1896ರಲ್ಲಿ ಇಟಲಿಯ ರಿವಾ-ರೋಚಿಯು ತೋಳಿಗೆ ಸುತ್ತುವ ಪಟ್ಟಿಯನ್ನೂ, 1905ರಲ್ಲಿ ರಷ್ಯದ ಕೊರೊಟ್ಕೊಫ್‌ನು ನಾಡಿಯ ಶಬ್ದವನ್ನು ಆಲಿಸಿ ಎರಡೂ ಅಂಕೆಗಳನ್ನು ಗುರುತಿಸುವ ಕ್ರಮವನ್ನೂ ಕಂಡುಹಿಡಿದ ಮೇಲೆಯೇ ಈ ಅಗೋಚರ ಶತ್ರುವು ಮನುಷ್ಯನ ಗಣನೆಗೆ ಸಿಕ್ಕಿತು.

ಅಳೆಯುವುದು ಸಾಧ್ಯವಾದ ಮಾತ್ರಕ್ಕೆ ಚಿಕಿತ್ಸೆಯು ಸಿದ್ಧವಾಗಲಿಲ್ಲ. ಈ ವಿಷಯದಲ್ಲಿ ಭಾರತದ ಪಾತ್ರವು ನಾವು ಹೆಮ್ಮೆಯಿಂದ ಸ್ಮರಿಸತಕ್ಕದ್ದು. ಸಿದ್ಧರ ತಪೋಭೂಮಿಯೆಂದೂ ಮೂಲಿಕೆಗಳ ಆಗರವೆಂದೂ ಕೊರಟಗೆರೆಯ ಸಿದ್ಧರಬೆಟ್ಟವನ್ನು ಕೊಂಡಾಡುವ ಜನರಿಗೆ ಸರ್ಪಗಂಧದ ಹೆಸರು ಹೊಸದಾಗಿರಲಾರದು. ಆ ಗಿಡದ ಬೇರು ರಕ್ತದೊತ್ತಡವನ್ನು ತಗ್ಗಿಸುವುದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವಂಗದೇಶದ ವೈದ್ಯರು ಬರೆದರು. ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು ರೋಗಿಗಳಿಗೆ ಅದನ್ನು ಕ್ರಮಬದ್ಧವಾಗಿ ಕೊಟ್ಟು, ಒತ್ತಡವನ್ನು ಅಳೆದು, ತಮಗೆ ದೊರೆತ ಫಲವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ರಸಾಯನಜ್ಞರು ಅದೇ ಬೇರಿನಿಂದ ರೆಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಿದರು. ಪರಂಪರೆಯ ಮೂಲಿಕೆಯೊಂದು ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡು ಲೋಕಮಾನ್ಯವಾದ ಔಷಧಿಯಾದ ಬಗೆಯಿದು. ಮನಸ್ಸನ್ನು ಖಿನ್ನತೆಗೆ ದೂಡುವ ದೋಷವು ಅದರಲ್ಲಿ ಉಂಟೆಂಬ ಶಂಕೆಯು ಮುಂದೆ ಅದನ್ನು ಹಿನ್ನೆಲೆಗೆ ಸರಿಸಿತು.

ಔಷಧಿಯನ್ನು ಒರೆಗೆ ಹಚ್ಚುವ ಪರೀಕ್ಷೆಯ ಸ್ವರೂಪವೇನೆಂಬುದನ್ನು ಸಾಮಾನ್ಯ ಓದುಗರು ಅರಿಯುವುದು ಅಗತ್ಯ. ಒಬ್ಬನು ಮಾತ್ರೆ ನುಂಗಿ ಗುಣವಾದನೆಂದ ಮಾತ್ರಕ್ಕೆ ಮಾತ್ರೆಯಿಂದಲೇ ಗುಣವಾಯಿತೆನ್ನಲಾಗದು. ರಕ್ತದೊತ್ತಡವು ತನ್ನಷ್ಟಕ್ಕೆ ಏರಿಳಿಯುವುದುಂಟು, ವೈದ್ಯನ ಮೇಲಿನ ನಂಬಿಕೆಯಿಂದಲೂ ಇಳಿಯುವುದುಂಟು. ಆದುದರಿಂದ ರೋಗಿಗಳನ್ನು ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ಎರಡು ತಂಡಗಳಾಗಿ ವಿಂಗಡಿಸಿ, ಒಂದಕ್ಕೆ ಔಷಧಿಯನ್ನೂ ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಔಷಧಿರಹಿತ ಮಾತ್ರೆಯನ್ನೋ ಹಿಂದಿನ ಚಿಕಿತ್ಸೆಯನ್ನೋ ಕೊಟ್ಟು, ಯಾರಿಗೆ ಯಾವುದು ದೊರೆತಿದೆಯೆಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಕಾಪಾಡಿ, ಕೊನೆಯಲ್ಲಿ ಎರಡನ್ನೂ ತುಲನೆ ಮಾಡುತ್ತಾರೆ. ಅಮೆರಿಕದಲ್ಲಿ ಎಡ್ವರ್ಡ್ ಫ್ರೈಸ್ ಅವರ ನೇತೃತ್ವದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳು ಇದೇ ಕ್ರಮದಿಂದ 143 ಪುರುಷರನ್ನು ಪರೀಕ್ಷಿಸಿ 1967ರಲ್ಲಿ ಫಲವನ್ನು ಪ್ರಕಟಿಸಿದಾಗ, ಔಷಧಿಯಿಲ್ಲದ ತಂಡದಲ್ಲಿ 27 ಮಂದಿ ಗಂಭೀರ ವಿಪತ್ತಿಗೆ ಈಡಾಗಿದ್ದರೆ ಔಷಧಿ ಪಡೆದ ತಂಡದಲ್ಲಿ ಈಡಾದವರು ಇಬ್ಬರೇ. ಆ ಔಷಧಿಗಳಲ್ಲಿ ರೆಸರ್ಪೀನೂ ಒಂದಾಗಿತ್ತು. ರಕ್ತದೊತ್ತಡವನ್ನು ತಗ್ಗಿಸುವುದು ಪ್ರಾಣರಕ್ಷಣೆಯೇ ಸರಿಯೆಂಬ ತತ್ತ್ವವು ಅಂದು ಸ್ಥಿರವಾಯಿತು.

ಅನಂತರದ ಸಂಶೋಧನೆಯಲ್ಲಿ ಕರ್ನಾಟಕದ ಪಾಲೂ ಉಂಟು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಪ್ರೇಮ್ ಪೈಸ್, ಡೆನಿಸ್ ಕ್ಸೇವಿಯರ್ ಮೊದಲಾದವರು, ರಕ್ತದೊತ್ತಡದ ಮದ್ದುಗಳನ್ನೂ ಕೊಬ್ಬನ್ನು ಇಳಿಸುವ ಮದ್ದನ್ನೂ ಆಸ್ಪಿರಿನ್ನನ್ನೂ ಒಂದೇ ಗುಳಿಗೆಯಲ್ಲಿ ಕೂಡಿಸಿ ಕೊಟ್ಟರೆ ಹೇಗೆಂಬ ಪ್ರಶ್ನೆಯನ್ನೆತ್ತಿ, ಭಾರತದ 50 ಕೇಂದ್ರಗಳಲ್ಲಿ 2053 ಜನರ ಮೇಲೆ ನಡೆಸಿದ ಪ್ರಯೋಗದ ಫಲವನ್ನು 2009ರಲ್ಲಿ ಪ್ರಕಟಿಸಿದರು. ಅನೇಕ ದೇಶಗಳ 5713 ಜನರನ್ನೊಳಗೊಂಡ ಅದರ ಮುಂದುವರಿಕೆಯು 2020ರಲ್ಲಿ ಬೆಳಕು ಕಂಡಿತು. ಹತ್ತಾರು ಚೀಟಿ, ಹತ್ತಾರು ಡಬ್ಬಿಗಳ ಗೊಂದಲವಿಲ್ಲದೆ ದಿನಕ್ಕೊಂದೇ ಮಾತ್ರೆ ಸಾಕಾಗುವಂತಾದರೆ ಅದನ್ನು ಬಿಡದೆ ಸೇವಿಸುವುದು ಸುಲಭವೆಂಬುದೇ ಈ ಶ್ರಮದ ಹಿಂದಿನ ವಿವೇಕ.

ಇಷ್ಟೆಲ್ಲ ಪ್ರಮಾಣಗಳು ಸಿದ್ಧವಾಗಿರುವಾಗ, ಅಮ್ಲೋಡಿಪೀನ್, ಟೆಲ್ಮಿಸಾರ್ಟನ್‌ಗಳಂತಹ ಅಗ್ಗದ ಮಾತ್ರೆಗಳು ಪೇಟೆಯಲ್ಲಿ ಯಥೇಚ್ಛವಾಗಿರುವಾಗ, ಹಳ್ಳಿಯ ಮನೆಗಳಲ್ಲಿ ಜನರು ಇನ್ನೂ ಲಕ್ವ ಹೊಡೆದು ಮಲಗುವುದೇಕೆ? ಔಷಧಿಯಿಂದ ಉಪಯೋಗವುಂಟೆ ಎಂಬ ಪ್ರಶ್ನೆ ತೀರಿದ ಮೇಲೆ, ಔಷಧಿಯು ಅವಶ್ಯವಿರುವವನ ಕೈಗೆ ಪ್ರತಿನಿತ್ಯವೂ ಮುಟ್ಟುವುದೆಂತು ಎಂಬ ಎರಡನೆಯ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವು ಮಹಾನಗರದ ಪ್ರಯೋಗಶಾಲೆಯಲ್ಲಿ ದೊರೆಯದು, ಹಳ್ಳಿಯಲ್ಲಿಯೇ ಹುಡುಕಬೇಕು. ಅಂತಹ ಹುಡುಕಾಟವು ನಮ್ಮ ನಾಲ್ಕು ತಾಲ್ಲೂಕುಗಳಿರುವ ತುಮಕೂರು ಜಿಲ್ಲೆಯಲ್ಲಿಯೇ ನಡೆದಿರುವುದು ಗಮನಾರ್ಹ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಜಿಲ್ಲೆಯ ಗ್ರಾಮಾಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಮಧುಮೇಹದ ಔಷಧಿಗಳು ಬಡವರಿಗೆ ಎಷ್ಟರಮಟ್ಟಿಗೆ ದೊರಕುತ್ತಿವೆ, ದೊರಕದಿದ್ದರೆ ಅಡ್ಡಿಯೆಲ್ಲಿದೆ ಎಂಬುದನ್ನು ಅಧ್ಯಯನ ಮಾಡಿ, 2016 ಮತ್ತು 2018ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಗಳಲ್ಲಿ ಬರೆದರು. ಸರಕಾರದ ಮೂಲಕ ಬರುವ, ವ್ಯಾಪಾರನಾಮವಿಲ್ಲದ ಜೆನೆರಿಕ್ ಔಷಧಿಗಳ ಗುಣವನ್ನು ಕುರಿತು ಜನರಲ್ಲಿಯೂ ಆರೋಗ್ಯ ಕಾರ್ಯಕರ್ತರಲ್ಲಿಯೂ ಇರುವ ಭಾವನೆಯನ್ನು ಅವರಲ್ಲಿ ಕೆಲವರು ಶೋಧಿಸಿ, ಮಾತ್ರೆಯ ಮೇಲಿನ ನಂಬಿಕೆಯು ಸರಕಾರಿ ಆಸ್ಪತ್ರೆಯ ಮೇಲಿನ ನಂಬಿಕೆಯೊಂದಿಗೆ ಹೆಣೆದುಕೊಂಡಿರುವುದನ್ನು ಎತ್ತಿ ತೋರಿದರು. ಆಸ್ಪತ್ರೆಗೆ ಹೋದ ದಿನ ಮಾತ್ರೆ ಸಿಗದೆ ಬರಿಗೈಯಲ್ಲಿ ಹಿಂದಿರುಗಿದ ಕೂಲಿಕಾರನು ಮುಂದಿನ ತಿಂಗಳು ಮತ್ತೊಂದು ದಿನದ ಕೂಲಿಯನ್ನು ಕಳೆದುಕೊಂಡು ಅಲ್ಲಿಗೆ ಬರಲಾರನೆಂಬುದನ್ನು ಅರ್ಥಮಾಡಿಕೊಳ್ಳುವುದೂ ವೈದ್ಯಕೀಯ ಸಂಶೋಧನೆಯ ಅಂಗವೇ ಹೌದು.

ನಮ್ಮ ಸೀಮೆಯ ವಿಶೇಷಗಳು ಇಂತಹ ಸಂಶೋಧನೆಯನ್ನು ಇನ್ನಷ್ಟು ಅವಶ್ಯಗೊಳಿಸುತ್ತವೆ. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡದಲ್ಲಿ ಕನ್ನಡದೊಡನೆ ತೆಲುಗೂ ಮನೆಮಾತಾಗಿರುವುದರಿಂದ, ಪಥ್ಯವನ್ನು ಹೇಳುವವರಿಗೂ ಪ್ರಯೋಗಕ್ಕೆ ಒಪ್ಪಿಗೆ ಕೇಳುವವರಿಗೂ ಎರಡೂ ಭಾಷೆಗಳು ಬರಬೇಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆಲಸವನ್ನರಸಿ ಬೆಂಗಳೂರಿಗೆ ಹೋಗುವವರ ಮಾತ್ರೆಯು ಅಲ್ಲಿ ತಪ್ಪದಂತೆ ನೋಡಿಕೊಳ್ಳಬೇಕು. ರಾಗಿಮುದ್ದೆಗೆ ಬೇಕಾಗುವ ಉಪ್ಪು ಅಲ್ಪವಾದರೂ, ಸಾರು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಮೂಲಕ ಶರೀರವನ್ನು ಸೇರುವ ಉಪ್ಪು ಹೆಚ್ಚು. ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರಲು, ಭಾರತೀಯರು ಸರಾಸರಿ ಸುಮಾರು 8 ಗ್ರಾಂ ತಿನ್ನುತ್ತಿದ್ದಾರೆ. ಚೀನದ 600 ಹಳ್ಳಿಗಳಲ್ಲಿ ಸಾಧಾರಣ ಉಪ್ಪಿಗೆ ಬದಲು ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಬಳಸಿದುದರಿಂದ ಪಕ್ಷಾಘಾತಗಳು ಇಳಿದುವೆಂಬುದು 2021ರಲ್ಲಿ ಪ್ರಕಟವಾಯಿತು; ಆದರೆ ಮೂತ್ರಪಿಂಡದ ರೋಗವಿರುವವರಿಗೆ ಅದು ಅಪಾಯಕರವಾಗಬಹುದಾದ್ದರಿಂದ ವೈದ್ಯರನ್ನು ಕೇಳದೆ ಬಳಸಕೂಡದು.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿಯು ನಮ್ಮ ಮನಸ್ಸಿನಲ್ಲಿದೆ. “ತಲೆ ಸುತ್ತಿದಾಗ ನುಂಗಿದರಾಯಿತು”, “ಒಂದು ಸಲ ಹಿಡಿದರೆ ಬಿಡುವ ಹಾಗಿಲ್ಲ” ಎಂಬ ಮಾತುಗಳು ಊರೂರಿನ ಅರಳಿಕಟ್ಟೆಯಲ್ಲಿ ಕೇಳಿಬರುತ್ತವೆ. ಮಾತ್ರೆಯನ್ನು ಬಿಡಲಾಗದಿರುವುದು ಅದು ಚಟವಾದುದರಿಂದಲ್ಲ; ಒತ್ತಡದ ಪ್ರವೃತ್ತಿಯು ಸಾಮಾನ್ಯವಾಗಿ ಶರೀರದಲ್ಲಿ ಉಳಿದೇ ಇರುವುದರಿಂದ. ಪಾವಗಡದ ಶ್ರೀರಾಮಕೃಷ್ಣ ಸೇವಾಶ್ರಮವು ಕ್ಷಯರೋಗಿಗಳನ್ನು ಬೆನ್ನುಬಿಡದೆ ಉಪಚರಿಸಿದ ದೃಷ್ಟಾಂತ ನಮ್ಮ ಮುಂದಿದೆ. ಕೆಲವು ತಿಂಗಳುಗಳಲ್ಲಿ ಮುಗಿಯುವ ಆ ಚಿಕಿತ್ಸೆಗೇ ಅಷ್ಟು ಎಚ್ಚರವು ಬೇಕಾದರೆ, ಜೀವಮಾನವಿಡೀ ನಡೆಯಬೇಕಾದ ಇದಕ್ಕೆ ಎಷ್ಟು ಬೇಡ?

2017ರಲ್ಲಿ ಕೇಂದ್ರ ಸರಕಾರ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳು ಕೂಡಿ ಆರಂಭಿಸಿದ ರಕ್ತದೊತ್ತಡ ನಿಯಂತ್ರಣ ಯೋಜನೆಯ ಸೂತ್ರವು ಸರಳವಾದುದು: ಎಲ್ಲರಿಗೂ ಒಂದೇ ಬಗೆಯ ಸುಲಭ ಚಿಕಿತ್ಸಾಕ್ರಮ, ಒಮ್ಮೆಗೆ ತಿಂಗಳಿಗಾಗುವಷ್ಟು ಮಾತ್ರೆ, ಮನೆಗೆ ಹತ್ತಿರದ ಉಪಕೇಂದ್ರದಲ್ಲಿ ತಪಾಸಣೆ, ಬಾರದವರನ್ನು ವಿಚಾರಿಸುವ ವ್ಯವಸ್ಥೆ. ನಮ್ಮ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಹಳ್ಳಿಗೂ ಈ ಸೂತ್ರವು ಕಾರ್ಯರೂಪದಲ್ಲಿ ಮುಟ್ಟಬೇಕೆಂದು ಗ್ರಾಮಸಭೆಗಳಲ್ಲಿ ಕೇಳುವ ಹಕ್ಕು ನಮಗುಂಟು. ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಆಶಾ ಕಾರ್ಯಕರ್ತೆಯ ಸಹಾಯದಿಂದಲೋ ಆರೋಗ್ಯ ಕೇಂದ್ರದಲ್ಲೋ ಒತ್ತಡವನ್ನು ಅಳೆಯಿಸಿಕೊಳ್ಳುವುದು ನಮ್ಮ ಕರ್ತವ್ಯ. ಸಂಶೋಧಕರು ಬಾಗಿಲಿಗೆ ಬಂದರೆ, ಉದ್ದೇಶವೇನು, ಅಪಾಯವೇನು, ನಡುವೆ ಬಿಡಬಹುದೆ, ಪ್ರಯೋಗ ಮುಗಿದ ಮೇಲೆ ಔಷಧಿ ದೊರೆಯುವುದೆ ಎಂದು ನಿಸ್ಸಂಕೋಚವಾಗಿ ಪ್ರಶ್ನಿಸಿ, ತೃಪ್ತಿಯಾದರೆ ಸಹಕರಿಸೋಣ. ಎಲ್ಲಿಯೋ ಯಾರೋ ತಮ್ಮ ದೇಹವನ್ನು ಪರೀಕ್ಷೆಗೆ ಒಪ್ಪಿಸಿದುದರಿಂದ ದೊರೆತ ಜ್ಞಾನವು ಇಂದು ನಮ್ಮನ್ನು ಕಾಯಬಲ್ಲದು. ಅದನ್ನು ನಿತ್ಯದ ಶಿಸ್ತಿನಿಂದ ಉಪಯೋಗಿಸಿಕೊಳ್ಳುವುದೇ ಅವರ ಋಣವನ್ನು ತೀರಿಸುವ ಮಾರ್ಗ.