ಅಳುಬುರುಕ ಎನ್ನಬೇಡಿ

ಮದುವೆ ಮನೆಯಲ್ಲಿ ಮೈಕ್ ಶುರುವಾದರೆ ಕಿವಿ ಮುಚ್ಚಿಕೊಳ್ಳುವ, ಅಂಗಿಯ ಲೇಬಲ್ ಚುಚ್ಚುತ್ತದೆ ಎಂದು ಹಠ ಹಿಡಿಯುವ, ಅಣ್ಣನಿಗೆ ಗದರಿಸಿದರೂ ತಾನೇ ಅಳುವ ಮಗು ನಿಮ್ಮ ಮನೆಯಲ್ಲಿದೆಯಾ? "ಉಮ್ಮ ಮುದ್ದು ಮಾಡಿ ಕೆಡಿಸಿದ್ದು" ಎಂದು ಸಂಬಂಧಿಕರು ಹೇಳಿಬಿಡುತ್ತಾರೆ. ಹಾಗಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೈನ್ ಆರನ್ 2002ರಲ್ಲಿ ಇಂತಹ ಮಕ್ಕಳ ಬಗ್ಗೆಯೇ ಪುಸ್ತಕ ಬರೆದರು. ಅವರ ಅಂದಾಜಿನಂತೆ 100ರಲ್ಲಿ 15ರಿಂದ 20 ಮಕ್ಕಳು ಹೀಗೆಯೇ. ಇದು ರೋಗವಲ್ಲ, ಹುಟ್ಟುಗುಣ.

ಬೈದರೆ ಅಳು ನಿಲ್ಲಬಹುದು. ಮನಸ್ಸಿನ ಮಾತು ಹೇಳುವುದೂ ನಿಂತುಹೋದೀತು. ಲೇಬಲ್ ಕತ್ತರಿಸಿಬಿಡಿ. ಮದುವೆಗೆ ಜನ ಸೇರುವ ಮೊದಲೇ ಕರೆದುಕೊಂಡು ಹೋಗಿ. ಮದ್ರಸದಿಂದ ಬಂದ ಕೂಡಲೇ ಪ್ರಶ್ನೆ ಬೇಡ, ಹತ್ತು ನಿಮಿಷ ಸುಮ್ಮನೆ ಬಿಡಿ. ತಪ್ಪು ಮಾಡಿದರೆ ತಿದ್ದಲೇಬೇಕು. ಆದರೆ ಎಲ್ಲರೆದುರು ಬೇಡ, ಪಕ್ಕದಲ್ಲಿ ಕೂರಿಸಿ ಮೆಲ್ಲಗೆ ಹೇಳಿ. ಮೆಲ್ಲಗೆ ಹೇಳಿದ್ದೇ ಈ ಮಕ್ಕಳಿಗೆ ಚೆನ್ನಾಗಿ ಕೇಳಿಸುತ್ತದೆ. ಮಾತು, ಆಟ, ನಿದ್ದೆಯಲ್ಲೂ ತೊಂದರೆ ಕಂಡರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ.