ಲೇಸರ್ ರೋಮನಿವಾರಣೆ: ನಿರೀಕ್ಷೆ ಎಷ್ಟಿರಬೇಕು?

ಮದುವೆಗೆ ತಿಂಗಳೊಪ್ಪತ್ತು ಉಳಿದಿರುವಾಗ ಮಗಳನ್ನು ಲೇಸರ್ ಚಿಕಿತ್ಸೆಗೆ ಕರೆದೊಯ್ಯುವ ತಾಯಂದಿರು ಮಹಾನಗರಗಳಲ್ಲಿ ವಿರಳರಲ್ಲ. ಆದರೆ ಇದು ಒಂದೇ ಕಂತಿನಲ್ಲಿ ತೀರುವ ಬಾಬತ್ತಲ್ಲ. ಕೂದಲಿನ ಕಪ್ಪು ವರ್ಣದ್ರವ್ಯವು ಕಿರಣವನ್ನು ಹೀರಿ ಕಾದು, ಬುಡವನ್ನು ಕುಂದಿಸುತ್ತದೆ. ಬೆಳೆಯುವ ಹಂತದಲ್ಲಿರುವ ಕೂದಲು ಮಾತ್ರ ಹೀಗೆ ಸಿಲುಕುವುದರಿಂದ, 4ರಿಂದ 8 ವಾರಗಳ ಅಂತರದಲ್ಲಿ ಸುಮಾರು 6ರಿಂದ 8 ಸರದಿಗಳು ಬೇಕು. ಆಗಲೂ ಕೂದಲು ಬಹುಮಟ್ಟಿಗೆ ಕಡಿಮೆಯಾಗುತ್ತದೆಯೇ ಹೊರತು ನಿರ್ಮೂಲವಾಗದು. ನರೆಗೂದಲಿಗಂತೂ ಇದು ನಾಟುವುದೇ ಇಲ್ಲ.

ಭಾರತೀಯರ ಚರ್ಮದಲ್ಲಿಯೂ ಅದೇ ವರ್ಣದ್ರವ್ಯ ಧಾರಾಳವಾಗಿರುವುದರಿಂದ ಸುಟ್ಟ ಕಲೆಗಳ ಭಯವುಂಟು. 1064 ನ್ಯಾನೊಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಇಂಥ ಚರ್ಮಕ್ಕೆ ಹೆಚ್ಚು ಸುರಕ್ಷಿತ. ಹಣ ಕಟ್ಟುವ ಮೊದಲು ಯಂತ್ರ ಯಾವುದೆಂದು ಕೇಳಲು ಸಂಕೋಚವೇಕೆ? ಸರದಿಯ ಮುನ್ನಾದಿನ ರೇಜರ್ ಬಳಸಬಹುದು. ವ್ಯಾಕ್ಸಿಂಗ್ ಕೂಡದು, ಬುಡವೇ ಕಿತ್ತುಹೋದರೆ ಕಿರಣಕ್ಕೆ ಗುರಿಯಿಲ್ಲ. ಮುಟ್ಟಿನ ಏರುಪೇರಿನೊಡನೆ ಗದ್ದದಲ್ಲಿ ಕೂದಲು ಮೂಡಿದ್ದರೆ, ಮೊದಲು ವೈದ್ಯರಿಂದ ಹಾರ್ಮೋನ್ ಪರೀಕ್ಷೆ ಆಗತಕ್ಕದ್ದು.